ಮನೆಗೆ ಬೇರೆ, ಮಾರಲಿಕ್ಕೆ ಬೇರೆ

ಹೋದ ವಾರ ಸೊಸೆ ಪೇಟೆಯಿಂದ ತಂದ ಮಾವಿನಹಣ್ಣಿನ ಡಬ್ಬ ಬಿಚ್ಚಿದಳು. ಅಂಕೋಲೆಯ ಕರಿ ಇಶಾಡ ಮಾವು ಅಂದರೆ ಡಬ್ಬ ಬಿಚ್ಚುವ ಮೊದಲೇ ಮನೆ ಘಮಘಮ ಅನ್ನಬೇಕು. ಬಂದದ್ದು ಕೊಳೆತ ಬೆಳ್ಳುಳ್ಳಿಯಂಥ ವಾಸನೆ. ಕಾಯಿ ಬೇಗ ಹಣ್ಣಾಗಲೆಂದು ಇಡುವ ವಿಷ, ಕಾರ್ಬೈಡ್! ಡಬ್ಬದ ಮೇಲೆ ನೋಡಿದರೆ ಮಾವಶಿಯ ನಗುವ ಫೋಟೊ... ಮೈಯೆಲ್ಲ ಉರಿದುಹೋಯಿತು.

ಮಾವಶಿ, ಅಂದರೆ ಚಿಕ್ಕಮ್ಮ, ಅಂತ ನಾವು ಕರೆಯುತ್ತಿದ್ದದ್ದು ಹಬ್ಬುವಾಡದ ನಮ್ಮ ಪಕ್ಕದ ಮನೆಯವರನ್ನು. ಅಂಕೋಲೆಯಿಂದ ಮದುವೆಯಾಗಿ ಬಂದವರು. ಗಂಡ ತೀರಿಕೊಂಡ ಮೇಲೆ ತವರಿನ ಕಡೆಯ ರೈತರಿಂದ ಕಾಯಿ ತರಿಸಿ, ಹಿತ್ತಲ ಕೊಟ್ಟಿಗೆಯಲ್ಲಿ ಒಣಹುಲ್ಲಿನ ಮೇಲೆ ಹರವಿ ಮಾಗಿಸಿ ಮಾರುತ್ತಿದ್ದರು. ಗಿರಾಕಿ ಹಿಡಿಯುವುದು, ಸಾಗಿಸುವುದು ಮೈದುನನ ಕೆಲಸ. ಪಾಠ ಮಾಡಲು ಶಾಲೆಗೆ ಹೊರಟ ನನ್ನನ್ನು ಬೇಲಿಯಾಚೆಯಿಂದ ಕರೆದು, "ಅಕ್ಕೋರೆ, ಇದು ಇವತ್ತೇ ತಿನ್ನೂದು, ನಾಳೆಗಲ್ಲ" ಅಂತ ಹಣ್ಣು ಕೈಗಿಡುತ್ತಿದ್ದರು...

ಒಂದು ಬೇಸಿಗೆ ಗೋವಾದ ದೊಡ್ಡ ಹೊಟೇಲೊಂದು ಮದುವೆಯೂಟಕ್ಕೆ ಹಣ್ಣು ಕೇಳಿತು. ಕಾಯಿ ಇನ್ನೂ ಕಲ್ಲಿನ ಹಾಗಿತ್ತು. ಮಾವಶಿ ಅಂಕೋಲೆಗೆ ಹೋದ ಹೊತ್ತು ನೋಡಿ ಮೈದುನ ಬುಟ್ಟಿಗಳಲ್ಲಿ ಕಾರ್ಬೈಡ್ ಪೊಟ್ಟಣ ಇಟ್ಟುಬಿಟ್ಟ. ಅವರು ತಿರುಗಿ ಬಂದದ್ದೇ ಕೂಗಾಟ ಕೇಳಿಸಿತು. ನಾನೂ ಓಡಿದೆ.

"ಎಲ್ಲರೂ ಇದೇ ಮಾಡೂದು ವೈನಿ! ಯಾರಿಗೆ ತಿಳೀತದೆ?"

"ನನಗೆ ತಿಳೀತಲ್ಲ!"

ಅಷ್ಟೂ ಹಣ್ಣನ್ನು ಗುಂಡಿಗೆ ಸುರಿಸಿದರು. ಹೊಟೇಲಿಗೆ ತಾವೇ ಫೋನು ಮಾಡಿ ನಡೆದದ್ದನ್ನು ಮುಚ್ಚಿಡದೆ ಹೇಳಿದರು. ಅತ್ತಲಿಂದ ಬರೀ ಬೈಗುಳ. ಪೇಟೆಯ ವ್ಯಾಪಾರಿಗಳು ಆಡಿಕೊಂಡು ನಕ್ಕರು. ಮೈದುನ ಆ ಬೇಸಿಗೆಯಿಡೀ ಮಾತು ಬಿಟ್ಟ.

ಮರುವರ್ಷ ಅದೇ ಹೊಟೇಲಿಗೆ ಬೇರೆಯವರು ಕೊಟ್ಟ ಕಾರ್ಬೈಡ್ ಹಣ್ಣು ತಪಾಸಣೆಯಲ್ಲಿ ಸಿಕ್ಕಿಬಿತ್ತು. ಅಲ್ಲಿಯ ಮ್ಯಾನೇಜರು ಹಬ್ಬುವಾಡಕ್ಕೆ ಹುಡುಕಿಕೊಂಡು ಬಂದ. "ಇದ್ದದ್ದು ಇದ್ದ ಹಾಗೆ ಹೇಳಿದವರು ನೀವೊಬ್ಬರೇ. ಇನ್ಮೇಲೆ ನಿಮ್ಮದೇ ಹಣ್ಣು" ಅಂದ. ಅವನ ಹಿಂದೆ ಇನ್ನಷ್ಟು ಹೊಟೇಲಿನವರು ಬಂದರು. ವ್ಯಾಪಾರ ಹಬ್ಬಿತು, ಪೇಟೆಯಲ್ಲಿ ಅಂಗಡಿಯೂ ಆಯಿತು. ಸತ್ಯಕ್ಕೂ ಗಿರಾಕಿ ಉಂಟು ಎಂದು ಮೈದುನನಿಗೆ ಗೊತ್ತಾದದ್ದು ಆಗ. ಅವನು ಕಲಿತದ್ದು ಅಷ್ಟೇ, ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ.

ಮಾವಶಿ ಎದೆನೋವು ಅಂದವರು ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ... ಅಂಗಡಿ ಅವನದಾಯಿತು. ಡಬ್ಬದ ಮೇಲೆ ಅವರ ಮುಖ ಅಚ್ಚಾಯಿತು. ಬದುಕಿದ್ದಾಗ ಫೋಟೊಕ್ಕೆ ನಿಲ್ಲಲೂ ಒಲ್ಲದವರು!

ಡಬ್ಬ ಎತ್ತಿಕೊಂಡು ಅಂಗಡಿಗೇ ಹೋದೆ. ಗಿರಾಕಿಗಳು ಕಿಕ್ಕಿರಿದಿದ್ದರು. "ಇದೆಂಥದ್ದು?" ಅಂದೆ. ಅವನಿಗೆ ನಾಚಿಕೆಯೂ ಆಗಲಿಲ್ಲ. ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, "ನನಗೊಂದು ಮಾತು ಹೇಳೂದಲ್ವಾ ಅಕ್ಕೋರೆ? ನಮ್ಮ ಮನೆಗೆ ಅಂತ ಹುಲ್ಲಲ್ಲಿ ಬೇರೆ ಮಾಗ್ಸಿಟ್ಟಿದ್ದೆ. ಅದ್ರಲ್ಲೇ ಕೊಡ್ತಿದ್ದೆ" ಅಂದ.

ಮನೆಗೆ ಬೇರೆ! ಅವನ ಮಕ್ಕಳು ತಿನ್ನುವುದೊಂದು, ಊರ ಮಕ್ಕಳು ತಿನ್ನುವುದೊಂದು!

ನಾನು ದನಿ ತಗ್ಗಿಸಲಿಲ್ಲ. "ಕೇಳಿ ಎಲ್ಲರೂ, ಇವರ ಮನೆಯವರು ತಿನ್ನೂ ಹಣ್ಣು ಒಳಗಿದೆಯಂತೆ. ಅದನ್ನೇ ಕೇಳಿ ತಗೊಳ್ಳಿ!"

ಮಾಜಾಳಿಗೆ ಹೋಗುವ ಬಸ್ಸಿನ ಗಡಿಬಿಡಿಯಲ್ಲಿದ್ದ ಒಬ್ಬಾಕೆ ಚೀಲದಿಂದ ಹಣ್ಣು ತೆಗೆದು ವಾಪಸಿಟ್ಟಳು. ಉಳಿದವರು ನನ್ನನ್ನೇ ಹುಚ್ಚಿಯ ಹಾಗೆ ನೋಡಿದರು. ತಕ್ಕಡಿ ಮತ್ತೆ ತೂಗತೊಡಗಿತು.

ಬಿಸಿಲಿಗೆ ಬಂದು ನಿಂತೆ. ತನ್ನ ಹಣ್ಣನ್ನೇ "ಇದು ಬೇಡ, ತಿನ್ನಬೇಡಿ" ಎನ್ನಬಲ್ಲ ವ್ಯಾಪಾರಿ ಈ ಊರಲ್ಲಿ ಒಬ್ಬರಿದ್ದರು... ಈಗಿಲ್ಲ.