ಟಿವಿಯಲ್ಲಿ ನನ್ನ ನಗು

ಗೆಳೆಯರೇ, ಇವತ್ತು ನಾನು ಟಿವಿಯಲ್ಲಿ ಬಂದೆ. ಬೆಳಿಗ್ಗೆ ಕುವೈತಿನ ಸಾಲ್ಮಿಯಾದ ಬೇಕರಿ ಮುಂದೆ ಸಾಲಿನಲ್ಲಿ ನಿಂತಿದ್ದೆ. ದೇಶವನ್ನು ವಶಪಡಿಸಿಕೊಂಡಿರುವ ಇರಾಕಿ ಸೈನಿಕರ ಜೊತೆ ಬಂದ ಟಿವಿಯವರು ನನ್ನ ಕೈಗೆ ರೊಟ್ಟಿ ಕೊಟ್ಟು, "ಯಲ್ಲಾ, ಬೇಗ ನಗು" ಎಂದರು. ಬಂದೂಕು ನೋಡಿ ನಕ್ಕೆ. ಚಿತ್ರ ತೆಗೆದ ಮೇಲೆ "ಖಲಾಸ್" ಎಂದು ರೊಟ್ಟಿ ಕಿತ್ತುಕೊಂಡು ಹೋದರು.

ಸಂಜೆ ಅವರ ಸುದ್ದಿಯಲ್ಲಿ, ಕುವೈತಿನ ಜನ ಸುಖವಾಗಿದ್ದಾರೆ ಎನ್ನುತ್ತಾ ನನ್ನ ನಗು ತೋರಿಸಿದರು.

"ಇವರದ್ದು ಬರೀ ಸುಳ್ಳು ಮಾರಾಯ್ರೆ. ಸತ್ಯ ಬೇಕಾದ್ರೆ ಇದನ್ನು ನೋಡಿ" ಎಂದು ಪಕ್ಕದ ಫ್ಲಾಟಿನ ವಸಂತಣ್ಣ ಇರಾಕಿನ ವಿರೋಧಿಗಳು ಗಡಿಯಾಚೆಯಿಂದ ನಡೆಸುವ ಚಾನೆಲ್ ಹಾಕಿದರು. ಅಲ್ಲೂ ಅದೇ ನಗು. ರೊಟ್ಟಿಗಾಗಿ ಶತ್ರುವಿಗೆ ತಮ್ಮನ್ನೇ ಮಾರಿಕೊಂಡವರು ಇವರೇ ಎಂದರು. ವಸಂತಣ್ಣ ಟಿವಿ ಆರಿಸಿದರು.

"ನಾಳೆಯಿಂದ ನೀವು ಹೊರಗೆ ಹೋಗ್ಬೇಡಿ" ಎಂದು ಹೆಂಡತಿ ಅತ್ತಳು.

ಒಂದು ವಿಷಯದಲ್ಲಿ ಮಾತ್ರ ಎರಡೂ ಚಾನೆಲ್ಲಿನವರು ಒಪ್ಪುತ್ತಾರೆ: ನಾನು ಇವತ್ತು ಹೊಟ್ಟೆ ತುಂಬ ಉಂಡಿದ್ದೇನಂತೆ.