ಕಲ್ಲಿಗೆ ಹಚ್ಚುವ ಕೆಂಪು

ನಮ್ಮ ಅತ್ತಿಗೆಯನ್ನು ಅವ್ವ ಆರಿಸಿದ್ದು ಹಣೆ ನೋಡಿ. ದೇವದುರ್ಗಕ್ಕೆ ಹೆಣ್ಣು ನೋಡಲು ಹೋದಾಗ ನಾನೂ ಜೊತೆಗಿದ್ದೆ. ನನಗಾಗ ಹನ್ನೆರಡು ತುಂಬಿತ್ತು. ಅವ್ವ ಹುಡುಗಿಯ ಗದ್ದ ಹಿಡಿದು, ಮುಖ ಮೇಲಕ್ಕೆತ್ತಿ, ಬೆಳಕಿನ ಕಡೆ ತಿರುಗಿಸಿ, ಸಂತೆಯಲ್ಲಿ ಕುಂಬಳಕಾಯಿ ನೋಡುವ ಹಾಗೆ ನೋಡಿದಳು.

“ಹಣಿ ಅಗಲ ಅದ. ಕುಂಕುಮ ಚೊಲೋ ಕೂಡತದ,” ಅಂದಳು. ಮಾತು ಅಲ್ಲಿಗೇ ಮುಗಿಯಿತು. ನಮ್ಮಣ್ಣನನ್ನು ಯಾರೂ ಏನೂ ಕೇಳಲಿಲ್ಲ.

ಅವ್ವನಿಗೆ ಕುಂಕುಮದ ಹುಚ್ಚು. ಮಾನ್ವಿಯಲ್ಲಿ ನಮ್ಮಪ್ಪ ಹನುಮಂತದೇವರ ಅರ್ಚಕ. ಆದರೆ ಗುಡಿಗೆ ಬಂದ ಮುತ್ತೈದೆಯರು ತೀರ್ಥ ತೊಗೊಂಡು ನೇರ ನಮ್ಮ ಮನೆಗೆ ಬರುತ್ತಿದ್ದುದು ಅವ್ವನ ಕುಂಕುಮಕ್ಕೆ. ಅರಿಶಿನದ ಕೊಂಬನ್ನು ನಿಂಬೆಹುಳಿಯಲ್ಲಿ ನೆನೆಸಿ, ಬಿಳಿಗಾರ, ಪಟಿಕ ಸೇರಿಸಿ, ನೆರಳಲ್ಲಿ ಒಣಗಿಸಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿ, ಕೊನೆಗೊಂದು ಹನಿ ತುಪ್ಪ ಹಾಕಿ ತಿಕ್ಕುತ್ತಿದ್ದಳು. ರಾಯಚೂರಿನಿಂದ, ಮಲ್ಲಟದಿಂದ ಹೆಂಗಸರು ಬಂದು ಪೊಟ್ಟಣ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅವರು ಹೊಗಳಿದ ಮಾತನ್ನು ಅವ್ವ ಊಟಕ್ಕೆ ಕೂತಾಗ ನಮಗೆಲ್ಲ ಎರಡೆರಡು ಸಲ ಬಡಿಸುತ್ತಿದ್ದಳು.

ಆಮೇಲೆ ಯುದ್ಧದ ಕಾಲ ಬಂತು. ಸೀಮೆಎಣ್ಣೆಯ ಹಾಗೆ ಬಿಳಿಗಾರವೂ ಸಿಗದಾಯಿತು. ಬಿಳಿಗಾರವಿಲ್ಲದೆ ಮಾಡಿದ ಕುಂಕುಮ ಕೆಂಪಾಗಲಿಲ್ಲ, ಹಳೇ ಇಟ್ಟಿಗೆಯ ಬಣ್ಣಕ್ಕೆ ಬಂತು. ಮಲ್ಲಟದ ಒಬ್ಬಾಕೆ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ, “ಈ ಸರ್ತಿ ಯಾಕೋ ಸಪ್ಪಗ ಆಗೇದಲ್ರೀ,” ಅಂದುಬಿಟ್ಟಳು. ಅವ್ವ ಆ ದಿನ ಉಣ್ಣಲಿಲ್ಲ.

ಮರುದಿನ ಅವ್ವ ದೇವರ ಮನೆಯಿಂದ ಸಿಂಧೂರದ ಡಬ್ಬಿ ತಂದಳು. ಹನುಮಂತದೇವರ ಕಲ್ಲಿನ ಮೂರ್ತಿಗೆ ಎಣ್ಣೆಯಲ್ಲಿ ಕಲಸಿ ಮೆತ್ತುವ ಸಿಂಧೂರ ಅದು. ಎರಡು ಹಿಡಿ ತೆಗೆದು ಕುಂಕುಮಕ್ಕೆ ಸುರಿದಳು. ಕಲಸಿದವಳು ನಾನು. ಕೆಂಡ ಊದಿದ ಹಾಗೆ ಬಣ್ಣ ಎದ್ದಿತು. “ದೇವರ ಮೈಮ್ಯಾಗಿಂದು. ಇದಕ್ಕಿಂತ ಮಡಿ ಯಾವುದದ?” ಎಂದಳು. ದೇವರಿಗೆ ಆಗುವುದು ಮನುಷ್ಯರಿಗೆ ಆಗದೇ ಇದ್ದೀತು ಅಂತ ನಮ್ಮಂಥ ಮನೆಯಲ್ಲಿ ಯಾರ ತಲೆಗೂ ಹೊಳೆಯುವುದಿಲ್ಲ.

ಹೊಗಳಿಕೆ ಮತ್ತೆ ಶುರುವಾಯಿತು. ತಿಂಗಳೊಪ್ಪತ್ತಿನಲ್ಲಿ ಅತ್ತಿಗೆಯ ಹಣೆಯ ಕಾಟವೂ ಶುರುವಾಯಿತು.

ನಮ್ಮಲ್ಲಿ ಹಣೆಗೆ ಮೊದಲು ಮೇಣ ಒತ್ತಿ ಅದರ ಮೇಲೆ ಕುಂಕುಮ ಇಡುತ್ತಿದ್ದರು. ಬೆವರಿದರೂ ಅದು ಜಾರುತ್ತಿರಲಿಲ್ಲ. ಬಾಕಿ ಹೆಂಗಸರು ಕಡ್ಡಿಯಷ್ಟು ಇಟ್ಟುಕೊಂಡರೆ ಅತ್ತಿಗೆಗೆ ಅವ್ವನೇ ಕೂತು ರೂಪಾಯಿಯಗಲ ಇಡುತ್ತಿದ್ದಳು, ಬಂದವರು ನೋಡಲಿ ಅಂತ. ಮೊದಲು ಕಡಿತ, ಆಮೇಲೆ ಗುಳ್ಳೆ, ಆಮೇಲೆ ನೀರು ಸೋರುವ ಹುಣ್ಣು.

“ಅತ್ತೀ, ಭಾಳ ಉರಿಯಾಕತ್ತದ್ರೀ. ಎರಡು ದಿನ ಬಿಡ್ಲೇನ್ರೀ?” ಎಂದು ಒಂದು ಬೆಳಗ್ಗೆ ಅತ್ತಿಗೆ ಕೇಳಿದಳು.

“ಏನು ಬಿಡ್ತೀ? ಕುಂಕುಮಾನ? ಗಂಡ ಇನ್ನಾ ಗುಂಡಕಲ್ಲಿನಂಗ ಅದಾನ, ಕುಂಕುಮ ಬಿಡ್ತಾಳಂತ! ಊರಮಂದಿಗೆ ಕಡೀಲಾರದ್ದು ನಿನಗ್ಯಾಕ ಕಡೀತದ? ನಿನ್ನ ಪುಣ್ಯ ಎಷ್ಟದ ಅನ್ನೂದು ಅದು ತೋರಸಾಕತ್ತದ.”

ಹುಣ್ಣಿನ ಮೇಲೇ ಮೇಣ ಒತ್ತಿದಳು. ಅತ್ತಿಗೆಯ ಕಾಲಬೆರಳು ಮಡಚಿಕೊಂಡದ್ದನ್ನು ನಾನು ನೋಡಿದೆ.

ನಾನು ಒಳ್ಳೆಯವಳಾಗಿರಲಿಲ್ಲ. ಅಣ್ಣ ರಾಯಚೂರಿನ ಕಚೇರಿಯೊಂದರಲ್ಲಿ ಗುಮಾಸ್ತ. ಆಗಿನ ಸರ್ಕಾರದಲ್ಲಿ ಶುಕ್ರವಾರ ರಜೆ ಅಂತ ಗುರುವಾರ ಸಂಜೆ ಊರಿಗೆ ಬರುತ್ತಿದ್ದ. ಮದುವೆಗೆ ಮುಂಚೆ ಅವನ ಚೀಲದಲ್ಲಿ ನನಗೊಂದು ರಿಬ್ಬನ್ನು ಇದ್ದೇ ಇರುತ್ತಿತ್ತು. ಮದುವೆಯಾದ ಮೇಲೆ ಒಂದು ವಾಸನೆ ಸಾಬೂನು ಬಂತು, ಅದು ಅವಳಿಗೆ. ಅಷ್ಟಕ್ಕೇ ನಾನು ಅವಳನ್ನು ಹಗೆಯಾಗಿ ಕಂಡೆ. ಆ ಹಣೆಯಲ್ಲಿ ಕೀವು ಕಂಡಾಗ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಈ ವಯಸ್ಸಿನಲ್ಲಿ ಅದನ್ನು ಬೇರೆ ಮಾತಿನಲ್ಲಿ ಹೇಳಿ ಯಾರನ್ನು ಮೆಚ್ಚಿಸಲಿ?

ಆ ದಿನಗಳಲ್ಲೇ ಸಿಂಧೂರ ಮುಗಿಯಿತೆಂದು ಅಪ್ಪ ರಾಯಚೂರಿಗೆ ಹೊರಟಾಗ ನಾನೂ ಹೋದೆ. ಬಣ್ಣದ ಅಂಗಡಿಯ ಮುದಿ ಸಾಹೇಬರು ಪೊಟ್ಟಣ ಕಟ್ಟುತ್ತಾ ಹೇಳಿದರು:

“ಆಚಾರ್ರ, ಇದನ್ನ ಮುಟ್ಟಿದ ಮ್ಯಾಲ ಕೈ ಚೊಲೋತ್ನಾಗ ತೊಳಕೋರಿ. ಸೀಸ ಸುಟ್ಟು ಮಾಡಿದ್ದು, ಜಹರ್ ಅದ, ವಿಷ. ಕಬ್ಬಿಣದ ಬಾಗಲಕ್ಕ ಹಚ್ತಾರ, ಕಲ್ಲಿಗೆ ಹಚ್ತಾರ. ಮನಷ್ಯಾರ ಮೈಗೆ ಹಚ್ಚೂದಲ್ಲ ಇದು.”

ಅಪ್ಪ ಪೊಟ್ಟಣವನ್ನು ಇನ್ನೊಂದು ಕಾಗದದಲ್ಲಿ ಸುತ್ತಿಸಿ ಚೀಲಕ್ಕೆ ಹಾಕಿದ. ಮೋಟಾರಿನಲ್ಲಿ ಬರುವಾಗ ದಾರಿ ಅರ್ಧ ಸವೆದ ಮೇಲೆ ಬಾಯಿಬಿಟ್ಟ. “ಸಾಹೇಬ್ರು ಅಂದಿದ್ದು ಮನ್ಯಾಗ ಹೇಳಬ್ಯಾಡ. ನಿಮ್ಮವ್ವಗ ಸೇರೂದಿಲ್ಲ. ಸುಮ್ಮನ ರಂಪ ಆಗತದ.”

ನಾನು ಹೇಳಲಿಲ್ಲ. ಅಪ್ಪನೂ ಹೇಳಲಿಲ್ಲ. ಆದರೆ ಅಂದಿನಿಂದ ಅಪ್ಪ ಪೂಜೆ ಮುಗಿಸಿ ಬಂದು, ಹುಣಸೆಹಣ್ಣು ಹಚ್ಚಿ, ಉಗುರಿನ ಸಂದಿಯೆಲ್ಲ ತಿಕ್ಕಿ, ಮೂರು ಸಲ ಕೈ ತೊಳೆದು ಎಲೆಯ ಮುಂದೆ ಕೂರುತ್ತಿದ್ದ. ಅತ್ತಿಗೆ ಬಗ್ಗಿ ಅನ್ನ ಬಡಿಸುವಾಗ ಅವಳ ಹಣೆ ಅವನ ಕಣ್ಣಿಗೆ ಒಂದು ಗೇಣು ದೂರದಲ್ಲಿ ಇರುತ್ತಿತ್ತು. ಅಪ್ಪ ಎಲೆ ನೋಡಿಕೊಂಡು ಉಣ್ಣುತ್ತಿದ್ದ. ಅವನನ್ನು ಊರು ಸಾಧುಪುರುಷ ಅನ್ನುತ್ತಿತ್ತು.

ಅಣ್ಣನಿಗೆ ತಡೆಯದಾಯಿತು. ಅವ್ವನ ಕೂಗಾಟಕ್ಕೆ ಕಿವಿಗೊಡದೆ ಅತ್ತಿಗೆಯನ್ನು ರಾಯಚೂರಿನ ದವಾಖಾನೆಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರಮ್ಮ ಹಣೆ ತೊಳೆದು ಮುಲಾಮು ಹಚ್ಚಿ, ಎರಡು ತಿಂಗಳು ಆ ಕೆಂಪು ಪುಡಿ ಮುಟ್ಟಕೂಡದು ಅಂದಳಂತೆ. ಮನೆಗೆ ಬಂದು ಅಣ್ಣ ಅದನ್ನೇ ಹೇಳಿದ.

ಅವ್ವ ಕಂಬಕ್ಕೆ ಆತುಕೊಂಡು ಕೂತಳು. “ಎರಡು ತಿಂಗಳು ಬೋಳ ಹಣಿ ಇಟಗೊಂಡು ನನ್ನ ಮುಂದ ತಿರುಗ್ಯಾಡ್ತಾಳೇನೋ? ನಿನಗ ಏನರ ಆದ್ರ ಆ ಡಾಕ್ಟರಮ್ಮ ತಂದು ಕೊಡ್ತಾಳೇನು ಮಗನ್ನ?” ಅಂದು ಅಳತೊಡಗಿದಳು. ಅಣ್ಣ ತಾಯಿಯ ಅಳುವಿನ ಮುಂದೆ ಎಂದೂ ಗೆದ್ದವನಲ್ಲ. ಶನಿವಾರ ಬೆಳಗ್ಗೆ ತಲೆ ತಗ್ಗಿಸಿಕೊಂಡು ರಾಯಚೂರಿಗೆ ಹೋದ.

ಸುದ್ದಿ ಕೇಳಿ ಅತ್ತಿಗೆಯ ತಾಯಿ ದೇವದುರ್ಗದಿಂದ ಬಂದರು. ಮಗಳ ಹಣೆ ನೋಡಿದರು. ಆಮೇಲೆ ಅವ್ವನ ಮುಂದೆ ಸೆರಗೊಡ್ಡಿ, “ಅಕ್ಕಾರ, ಒಂದು ತಿಂಗಳು ಕಳಸ್ರಿ. ನಿಮ್ಮ ಕಾಲು ಬೀಳ್ತೀನಿ,” ಅಂದರು. ಅವ್ವ ಕಳಿಸಲಿಲ್ಲ. ಹೊರಡುವಾಗ ಆಕೆ ಮಗಳನ್ನು ಅಪ್ಪಿಕೊಂಡ ನೆವದಲ್ಲಿ ಮಡಿಲಿಗೆ ಏನನ್ನೋ ಹಾಕಿದ್ದು ನನಗೊಬ್ಬಳಿಗೇ ಕಂಡಿತು.

ಅದೊಂದು ಪುಟ್ಟ ಹಿತ್ತಾಳೆ ಭರಣಿ. ಒಳಗೆ ಅವರ ಮನೆಯಲ್ಲಿ ಮಾಡಿದ ಸಾದಾ ಕುಂಕುಮ. ಅದೇ ಸಪ್ಪೆ ಇಟ್ಟಿಗೆ ಬಣ್ಣದ್ದು. ಅಂದಿನಿಂದ ಅತ್ತಿಗೆ ನಸುಕಿಗೇ ಎದ್ದು, ಅವ್ವ ಸ್ನಾನಕ್ಕೆ ಹೋಗುವುದರೊಳಗೆ ತಾನೇ ಕುಂಕುಮ ಇಟ್ಟುಕೊಂಡುಬಿಡುತ್ತಿದ್ದಳು. ಅವ್ವನ ಕಣ್ಣಿಗೆ ಆಗಲೇ ಪೊರೆ ಬರುತ್ತಿತ್ತು, ಬಣ್ಣ ತಿಳಿಯಲಿಲ್ಲ. ಹದಿನೈದು ದಿನಗಳಲ್ಲಿ ಹುಣ್ಣಿನ ಅಂಚು ಒಣಗಿತು. ಅತ್ತಿಗೆ ಒಮ್ಮೆ ಹಿತ್ತಲಲ್ಲಿ ಅರಿವೆ ಒಗೆಯುತ್ತಾ ಗುನುಗಿದ್ದು ಕೇಳಿಸಿತು. ಆ ಗುರುವಾರ ಬಂದ ಅಣ್ಣ ಅವಳ ಮುಖ ನೋಡಿ ನಕ್ಕ. ನನ್ನ ಕಡೆ ನೋಡಲೂ ಇಲ್ಲ.

ಶನಿವಾರ ಅಣ್ಣ ಹೋದ ಮೇಲೆ ನಾನು ಅವ್ವನ ಹತ್ತಿರ ಹೋದೆ. “ಅವ್ವಾ, ವೈನಿ ಹಚಗೊಳ್ಳೂದು ನಮ್ಮನಿ ಕುಂಕುಮ ಅಲ್ಲ,” ಅಂದೆ. ಭರಣಿ ಎಲ್ಲಿದೆ ಅಂತಲೂ ತೋರಿಸಿದೆ. ಜಹರಿನ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಲಿಲ್ಲ, ಇದನ್ನು ಹೇಳಿದೆ.

ಅವ್ವ ಕೂಗಾಡಲಿಲ್ಲ. ಭರಣಿಯನ್ನು ತುಳಸಿಕಟ್ಟೆಗೆ ಒಯ್ದು ಮಣ್ಣಿಗೆ ಬೋರಲು ಹಾಕಿದಳು. ಅತ್ತಿಗೆಯನ್ನು ಕರೆದು ಮುಂದೆ ಕೂರಿಸಿಕೊಂಡಳು. ಹೊಸದಾಗಿ ಕಟ್ಟಿದ ಹಕ್ಕಳೆಯ ಮೇಲೆ ಮೇಣವಿಟ್ಟು, ಕುಂಕುಮವಿಟ್ಟು, ಹೆಬ್ಬೆರಳಿನಿಂದ ಒತ್ತಿದಳು. ಒತ್ತಿ, ತಿರುಗಿಸಿದಳು. “ಕಳ್ಳಿ,” ಅಂದಳು. ರಕ್ತ ಮೂಗಿನ ಮೇಲೆ ಇಳಿಯಿತು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಅತ್ತಿಗೆ ಒಂದೇ ಸಲ ನನ್ನ ಕಡೆ ನೋಡಿದಳು.

ಮೂರು ವಾರವಾಗಿರಬೇಕು, ಅಣ್ಣ ರಾಯಚೂರಿನಲ್ಲಿ ಜ್ವರ ಬಂದು ಮಲಗಿದ ಸುದ್ದಿ ಬಂತು. ಅಪ್ಪ ಹೋಗಿ ಮುಟ್ಟುವುದರಲ್ಲಿ ಮುಗಿದಿತ್ತು. ರಾಯಚೂರಿನ ತುಂಬ ಆ ಜ್ವರವಿತ್ತು, ಬೀದಿಗೊಂದು ಹೆಣ ಏಳುತ್ತಿತ್ತು. ಅವ್ವನಿಗೆ ಮಾತ್ರ ಕಾರಣ ಬೇರೆಯೇ ಗೊತ್ತಿತ್ತು. “ಹದಿನೈದು ದಿನ ಸತ್ತ ಕುಂಕುಮ ಇಟಗೊಂಡು ನನ್ನ ಮಗನ್ನ ತಿಂದ್ಲು,” ಎಂದು ಬಂದವರಿಗೆಲ್ಲ ಹೇಳಿದಳು. ಕೇಳಿದವರು ತಲೆಯಾಡಿಸಿದರು. ಅವರ ಹಣೆಯ ಮೇಲೆಲ್ಲ ನಮ್ಮ ಮನೆಯ ಕುಂಕುಮವೇ ಇತ್ತು.

ಹತ್ತನೆಯ ದಿನ ಅತ್ತಿಗೆಯ ತಲೆ ಬೋಳಿಸಿ, ಹಣೆ ತೊಳೆದು, ವಿಧವೆಯರ ಕೆಂಪು ಸೀರೆ ಉಡಿಸಿ ಹಿಂದಿನ ಕೋಣೆಯಲ್ಲಿ ಕೂರಿಸಿದರು. ಅವಳಿಗಾಗ ಹದಿನೇಳು.

ಮುಂದಿನದನ್ನು ಹೇಳಲು ನನಗೆ ಇವತ್ತಿಗೂ ಸಂಕಟ. ಆ ಹಣೆ ವಾಸಿಯಾಯಿತು. ಯಾವ ಮುಲಾಮೂ ಇಲ್ಲದೆ, ಒಂದೂವರೆ ತಿಂಗಳಲ್ಲಿ ನುಣ್ಣಗಾಯಿತು. ಡಾಕ್ಟರಮ್ಮ ಹೇಳಿದ್ದು ಇಷ್ಟೇ, ಆ ಪುಡಿ ಮುಟ್ಟಬೇಡ ಅಂತ. ಗಂಡ ಸತ್ತ ಮೇಲೆ ಅದನ್ನು ಮಾಡಲು ಅವಳಿಗೆ ಅಪ್ಪಣೆ ಸಿಕ್ಕಿತ್ತು.

ಅವ್ವ ಆ ಹಣೆಯನ್ನು ಕೈಯಿಂದ ಸವರಿ ನೋಡಿದಳು. “ಹೆಂಗ ಆರೇದ ನೋಡು. ಇದಕ್ಕ ಕಾದು ಕುಂತಿದ್ಲು ರಂಡಿ,” ಅಂದಳು.

ಆದರೆ ಗುರುತು ಹೋಗಲಿಲ್ಲ. ಹುಣ್ಣಿದ್ದ ಕಡೆ ರೂಪಾಯಿಯಗಲ ಗುಂಡಗೆ ಒಂದು ಕೆಂಪು ಕಲೆ ಉಳಿಯಿತು. ಒಂದು ಮಧ್ಯಾಹ್ನ ಮಲ್ಲಟದ ಆ ಹೆಂಗಸು ಬಂದವಳು ಹಿಂದಿನ ಕೋಣೆಯ ಕತ್ತಲಲ್ಲಿ ಸೆರಗು ಹೊದ್ದು ಕೂತ ಅತ್ತಿಗೆಯ ಹಣೆಯ ಕೆಂಪನ್ನಷ್ಟೇ ಕಂಡು, “ಇಲ್ಲೊಬ್ಬ ಮುತ್ತೈದಿ ಕುಂತಾಳಲ್ಲ, ಬಾ ತಾಯಿ, ಅರಿಷಿಣ ಕುಂಕುಮ ತೊಗೋ,” ಎಂದು ಬಟ್ಟಲು ಹಿಡಿದು ಒಳಗೆ ಹೊರಟಳು. ಅವ್ವ ಓಡಿಬಂದು ಅವಳ ಕೈ ಹಿಡಿದು ಎಳೆದಳು. ಬಟ್ಟಲು ಬಿದ್ದು ಹೊಸ್ತಿಲೆಲ್ಲ ಕೆಂಪಾಯಿತು.

ಮರುದಿನದಿಂದ ಕೆಲಸ ನನ್ನ ಪಾಲಿಗೆ ಬಂತು. ಒಲೆಯ ಬೂದಿ ತಂದು ಅತ್ತಿಗೆಯ ಹಣೆ ತಿಕ್ಕಬೇಕು, ಕಲೆ ಅಳಿಸುವ ತನಕ. ನಾನು ಕೂತೆ. ಅವಳು ಮುಖವನ್ನು ತಾನಾಗಿಯೇ ಮೇಲೆತ್ತಿ ಬೆಳಕಿಗೆ ಹಿಡಿದಳು. ಎಳೆಯ ಚರ್ಮ, ಬೂದಿಗೆ ಬೇಗ ಕಿತ್ತು ಬಂತು.

“ತಿಕ್ಕಬ್ಯಾಡ ತಂಗೀ, ಕೈ ನೋಯಿಸಿಕೋತೀ. ಇದು ನಿಮ್ಮವ್ವ ಇಟ್ಟಿದ್ದು. ನಿಮ್ಮಣ್ಣ ಸತ್ತರೂ ಹೋಗಲಿಲ್ಲ,” ಅಂದಳು.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಇನ್ನೊಂದು ಹಿಡಿ ಬೂದಿ ತೊಗೊಂಡು ತಿಕ್ಕಿದೆ.