ಎರಡು ಖಾನೆ, ಒಂದೇ ಊರು

ಎಪ್ಪತ್ತೆಂಟು ವರ್ಷದ ಹೆಂಗಸಿಗೆ ಅಂಥ ಮೀನಖಂಡಗಳಿದ್ದುದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಮೊಳಕಾಲಿನವರೆಗೆ ಮಡಚಿದ ಕಪ್ಪು ಪ್ಯಾಂಟಿನ ಕೆಳಗೆ ಅವು ಸುಲಿದ ತೆಂಗಿನಕಾಯಿಯ ಹಾಗೆ ಗಟ್ಟಿಯಾಗಿ ಎದ್ದು ಕಾಣುತ್ತಿದ್ದವು. ಮೇಲಿನ ದೇಹ ಮಾತ್ರ ಒಂದು ಹಿಡಿಯಷ್ಟೇ. ಕಾಪೆಲ್ ಎಂಬ ಈ ಅಮೆರಿಕನ್ ಊರಿನ ನಮ್ಮ ಬೀದಿಯಲ್ಲಿ ಅವರು ಚಪ್ಪಾಳೆ ತಟ್ಟುತ್ತ ಹಿಮ್ಮುಖವಾಗಿ ನಡೆದುಬರುವುದನ್ನು ಮೊದಲ ಸಲ ನೋಡಿದಾಗ, ಪಾಪ, ತಲೆ ಕೆಟ್ಟಿರಬೇಕು ಅಂದುಕೊಂಡೆ. ಅವರ ದೇಶದ ಮುದುಕರಿಗೆಲ್ಲ ಅದು ವ್ಯಾಯಾಮವೆಂದು ಆಮೇಲೆ ಗೊತ್ತಾಯಿತು. ಪಕ್ಕದ ಮನೆಯ ಚೀನೀ ನರ್ಸಿನ ತಾಯಿ ಅವರು. ನಾನು ಅಜ್ಜಿ ಎಂದು ಕರೆದೆ. ಅವರೂ ಅದಕ್ಕೆ ಓಗೊಟ್ಟರು.

ಆಗ ನಾನು ಗಂಡನ ವೀಸಾದ ಬಾಲ ಹಿಡಿದು ಬಂದವಳು, ಕೆಲಸ ಮಾಡುವ ಹಾಗಿರಲಿಲ್ಲ. ಗದಗಿನ ಸರ್ಕಾರಿ ಕಚೇರಿಯೊಂದರಲ್ಲಿ ಒಂಬತ್ತು ವರ್ಷ ಜನರ ಅರ್ಜಿ ತಿದ್ದಿದ ಕೈ ಇಲ್ಲಿ ಡಿಶ್‌ವಾಶರ್ ತುಂಬುತ್ತಿತ್ತು. ಊರಿಗೆ ಹೋಗೋಣವೆಂದರೆ, ವೀಸಾ ಸ್ಟಾಂಪಿಂಗಿಗೆಂದು ಹೋಗಿ ಅಲ್ಲೇ ತಿಂಗಳುಗಟ್ಟಲೆ ಸಿಕ್ಕಿಬಿದ್ದವರ ಕಥೆ, ಮನೆಗೊಂದು ಅಡುಗೆ ತಂದು ಸೇರುವ ಪ್ರತಿ ಪಾಟ್‌ಲಕ್‌ನಲ್ಲೂ ಕೇಳುತ್ತಿತ್ತು. “ಗ್ರೀನ್ ಕಾರ್ಡ್ ಬರ್ಲಿ, ಆಮ್ಯಾಲೆ ಆರಾಮಾಗಿ ಹೋಗೂಣು” ಎಂದು ಗಂಡ ಹೇಳುತ್ತಲೇ ಏಳು ವರ್ಷ ಕಳೆದಿದ್ದವು. ಆ ಆರಾಮು ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಜ್ಜಿಯ ಊರು ಚೋಂಗ್‌ಚಿಂಗ್. ಊರು ಎಂದರೆ ಬೆಟ್ಟದ ಮೇಲೆ ಬೆಟ್ಟ, ರಸ್ತೆಗಿಂತ ಮೆಟ್ಟಿಲೇ ಹೆಚ್ಚು. ನದಿಯ ಮೇಲೆ ತೂಗಾಡಿಕೊಂಡು ಹೋಗುವ ಕೇಬಲ್ ಕಾರಿನಲ್ಲಿ ಅವರು ಟಿಕೆಟ್ ಹರಿಯುತ್ತಿದ್ದರಂತೆ. ಅಂಥವರಿಗೆ ಈ ಚಪ್ಪಟೆ ಊರು ಹೇಗೆ ಹಿಡಿಸಬೇಕು? ಫೋನಿಗೆ ಅವರು ಚೀನಿಯಲ್ಲಿ ಹೇಳುವರು, ಅದು ನನಗೆ ಇಂಗ್ಲಿಷಿನಲ್ಲಿ ಓದಿ ಹೇಳುವುದು. “ಇಲ್ಲಿ ಎಷ್ಟು ನಡೆದರೂ ಎಲ್ಲಿಗೂ ಬಂದ ಹಾಗಾಗುವುದಿಲ್ಲ” ಎಂದಿದ್ದರು ಒಮ್ಮೆ. ಕೊನೆಗೆ ಶಾಲೆಯ ಮೈದಾನದ ಪಕ್ಕ ಆಟ ನೋಡಲು ಕಟ್ಟಿದ ಗ್ಯಾಲರಿಯನ್ನು ಅವರೇ ಹುಡುಕಿದರು. ಹದಿನೆಂಟು ಮೆಟ್ಟಿಲು. ದಿನಾ ಬೆಳಿಗ್ಗೆ ಹತ್ತಿ ಇಳಿಯುವರು, ನಾನು ಏದುಸಿರು ಬಿಡುತ್ತ ಹಿಂದೆ. ಮೇಲಿನ ಸಾಲಿನಲ್ಲಿ ಕೂತರೆ ಏರ್‌ಪೋರ್ಟಿನಿಂದ ಎದ್ದ ವಿಮಾನಗಳು ಹೊಟ್ಟೆ ಕಾಣುವಷ್ಟು ಹತ್ತಿರ ಹೋಗುತ್ತಿದ್ದವು. ಸುಡುವ ಜುಲೈಯಲ್ಲೂ ಥರ್ಮಾಸಿನ ಬಿಸಿನೀರು ಕುಡಿಯುತ್ತ ಅಜ್ಜಿ ಒಂದೊಂದನ್ನೂ ಕಣ್ಣು ಮರೆಯಾಗುವವರೆಗೆ ನೋಡುವರು. ನಾನೂ ನೋಡುತ್ತಿದ್ದೆ. ನನ್ನನ್ನು ವೀಸಾ ಕಟ್ಟಿಹಾಕಿತ್ತು, ಅವರನ್ನು ಮಗಳ ಸಂಸಾರ; ಇಬ್ಬರೂ ಹತ್ತುವ ಹಾಗಿರಲಿಲ್ಲ.

ನಮ್ಮನೆಯ ರಂಜಕ ಹಚ್ಚಿದ ರೊಟ್ಟಿಯನ್ನು ಬೆವರೊರೆಸದೆ ತಿಂದ ಪರಕೀಯರೆಂದರೆ ಅವರೊಬ್ಬರೇ. ತಿಂದು, “ಖಾರ ಇದೆ, ಆದರೆ ನಾಲಿಗೆ ಜುಮ್ಮೆನ್ನಲಿಲ್ಲ” ಎಂದು ಕುಂದು ಬೇರೆ ಹೇಳಿದರು.

ಅಜ್ಜಿಯ ನರ್ಸ್ ಮಗಳು ವಿಚ್ಛೇದಿತೆ, ಹನ್ನೆರಡು ಗಂಟೆಯ ಪಾಳಿ. ಆರು ವರ್ಷದ ಮೊಮ್ಮಗಳನ್ನು ನೋಡಿಕೊಳ್ಳಲು ಅಜ್ಜಿ ಇಲ್ಲೇ ಉಳಿಯಬೇಕೆಂದು ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವುದಾಯಿತು. ಸುಸ್ತಾಗಿ ಬಂದ ಮಗಳು ಆ ಕಾಗದಗಳ ಕಟ್ಟನ್ನು ನೋಡಿ ಕಣ್ಣೀರು ಹಾಕುವುದೊಂದು ಬಾಕಿ. “ನನಗೆ ಕೊಡಿ” ಎಂದೆ. ಅರ್ಜಿ ತುಂಬುವುದರಲ್ಲಿ ನನ್ನನ್ನು ಮೀರಿಸುವವರುಂಟೇ? ಏಳು ವರ್ಷದಲ್ಲಿ ಮೊದಲ ಸಲ ನನಗೊಂದು ಕೆಲಸ ಸಿಕ್ಕಿತ್ತು.

ಅಜ್ಜಿ ತಮ್ಮ ಕೈಯಾರೆ ವಿವರಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟಿದ್ದರು. ಹುಟ್ಟಿದ ಊರಿನ ಖಾನೆಯಲ್ಲಿ ಚೋಂಗ್‌ಚಿಂಗ್. ಪ್ರಾಂತ್ಯದ ಖಾನೆಯಲ್ಲೂ ಚೋಂಗ್‌ಚಿಂಗ್. ವಯಸ್ಸಾದವರು, ಅದನ್ನೇ ಎರಡು ಸಲ ಬರೆದಿದ್ದಾರೆ ಎಂದು ನಕ್ಕೆ. ಅವರು ತೋರಿಸಿದ್ದ ಕೇಬಲ್ ಕಾರಿನ ಹಳೆಯ ಗುರುತುಚೀಟಿಯಲ್ಲಿ ಸಿಚುವಾನ್ ಪ್ರಾಂತ್ಯ ಎಂದಿದ್ದುದು ನೆನಪಿತ್ತು. ಎರಡನೆಯದನ್ನು ಹೊಡೆದುಹಾಕಿ ಸಿಚುವಾನ್ ಎಂದು ಟೈಪ್ ಮಾಡಿದೆ. ಯಾರನ್ನೂ ಕೇಳಲಿಲ್ಲ.

ಕೆಲವು ತಿಂಗಳ ಮೇಲೆ ಮಗಳು ವಲಸೆ ಕಚೇರಿಯ ಒಂದು ಕಾಗದ ಹಿಡಿದು ಬಂದಳು. ಅರ್ಜಿಯಲ್ಲಿರುವ ಜನ್ಮಸ್ಥಳಕ್ಕೂ ಜನನ ಪತ್ರಕ್ಕೂ ತಾಳೆಯಾಗುತ್ತಿಲ್ಲ, ವಿವರಣೆ ಕೊಡಿ ಎಂದಿತ್ತು. ಆ ದಿನ ಕೂತು ಓದಿದೆ. ಚೀನಾದಲ್ಲಿ ನಾಲ್ಕು ಊರುಗಳು ಯಾವ ಪ್ರಾಂತ್ಯಕ್ಕೂ ಸೇರಿಲ್ಲ. ನಮ್ಮ ದೆಹಲಿ, ಚಂಡೀಗಢದ ಹಾಗೆ ನೇರ ಕೇಂದ್ರ ಸರ್ಕಾರದ ಕೈಕೆಳಗೆ, ತಾವೇ ಒಂದು ಪ್ರಾಂತ್ಯ. ಅಜ್ಜಿ ಕೆಲಸಕ್ಕಿದ್ದಾಗ ಸಿಚುವಾನಿಗೆ ಸೇರಿದ್ದ ಚೋಂಗ್‌ಚಿಂಗ್ ಆಮೇಲೆ ಹಾಗೆ ಬೇರೆಯಾಗಿತ್ತು. ಯಾವ ವರ್ಷ? ನಮ್ಮ ಗದಗ ಧಾರವಾಡದಿಂದ ಬೇರೆಯಾಗಿ ತಾನೇ ಜಿಲ್ಲೆಯಾದ ವರ್ಷವೇ. ಕಚೇರಿಯಲ್ಲಿ ಊರು ಗದಗ, ಜಿಲ್ಲೆ ಗದಗ ಎಂದು ಲೆಕ್ಕವಿಲ್ಲದಷ್ಟು ಸಲ ಬರೆದವಳು ನಾನು. ಯಾರಾದರೂ ತಿದ್ದಲು ಬಂದರೆ ಬೈದು ಕಳಿಸಿದವಳೂ ನಾನೇ.

“ಆಫೀಸಿನವರದು ಏನೋ ತಕರಾರು, ನಾನು ಉತ್ತರ ಬರೆದುಕೊಡ್ತೀನಿ” ಎಂದು ಮಗಳಿಗೆ ಹೇಳಿದೆ. ತಪ್ಪು ನನ್ನದು ಎನ್ನಲು ಬಾಯಿ ಬರಲಿಲ್ಲ. ಅಜ್ಜಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

ಆ ಹೊತ್ತಿಗೇ ಅವರ ಅಕ್ಕ ಚೋಂಗ್‌ಚಿಂಗ್‌ನಲ್ಲಿ ಹಾಸಿಗೆ ಹಿಡಿದರು. ಅಜ್ಜಿಗೆ ತಾಯಿಯ ಸಮಾನ ಆ ಅಕ್ಕ. ಪ್ರಯಾಣದ ಅನುಮತಿ ಬರದೆ ದೇಶ ಬಿಟ್ಟರೆ ಅರ್ಜಿಯನ್ನೇ ಬಿಟ್ಟುಕೊಟ್ಟ ಹಾಗೆ, ಆ ಅನುಮತಿಯೂ ನಾನು ಕೆಡಿಸಿದ ಫೈಲಿನೊಳಗೇ ಸಿಕ್ಕಿಕೊಂಡಿತ್ತು. ಹೋದರೆ ಮೊಮ್ಮಗಳು ಕೈತಪ್ಪುತ್ತಾಳೆ, ಉಳಿದರೆ ಅಕ್ಕ. ಅಜ್ಜಿ ಸೂಟ್‌ಕೇಸ್ ತುಂಬಿ ಬಾಗಿಲ ಬಳಿ ಇಟ್ಟಿದ್ದರು. ದಿನಾ ಮೂರು ಗಂಟೆಗೆ ಅದನ್ನು ದಾಟಿಕೊಂಡೇ ಮೊಮ್ಮಗಳನ್ನು ಕರೆತರಲು ಹೋಗುವರು.

ಮನೆಯಲ್ಲಿ ಗಂಡನಿಗೆ ಹೇಳಿದೆ. “ನನ್ನಿಂದನ ಆಗೇದ ರೀ ಇದು.”

“ಈಗ ಹೇಳಿದ್ರ ಅವ್ರಿಗೆ ಏನ್ ಬಂತು? ಸುಮ್ನಿರು. ನಮ್ದೂ ಫೈಲ್ ಅದ, ಎಲ್ಲ್ಯರ ತೊಡಕಾದೀತು” ಎಂದರು.

ಅಕ್ಕ ತೀರಿಕೊಂಡ ಸುದ್ದಿ ಬಂದ ಮರುದಿನವೂ ಅಜ್ಜಿ ಗ್ಯಾಲರಿಗೆ ಬಂದರು. ಇನ್ನು ತಡೆಯಲಾಗಲಿಲ್ಲ. ಫೋನು ಹಿಡಿದು ಎಲ್ಲವನ್ನೂ ಹೇಳಿದೆ, ಅದು ಅಷ್ಟನ್ನೂ ಯಾವ ಭಾವವೂ ಇಲ್ಲದೆ ಚೀನಿಯಲ್ಲಿ ಅವರಿಗೆ ಒಪ್ಪಿಸಿತು. ಅಜ್ಜಿ ಥರ್ಮಾಸಿನ ಮುಚ್ಚಳ ತಿರುಗಿಸುತ್ತ ಕೇಳಿದರು.

“ಗೊತ್ತಿತ್ತು. ಕಾಗದ ಬಂದ ದಿನ ನಿನ್ನ ಮುಖ ನೋಡಿದೆ” ಎಂದರು. ಮುಚ್ಚಳವನ್ನು ಮತ್ತೆ ಬಿಗಿದು, “ನಮ್ಮಕ್ಕನೂ ಕೊನೆಯವರೆಗೆ ಸಿಚುವಾನ್ ಅಂತಲೇ ಬರೆಯುತ್ತಿದ್ದಳು. ಎಷ್ಟು ಹೇಳಿದರೂ ಕೇಳಲಿಲ್ಲ” ಎಂದರು. ನಾನು ಕೈ ಹಿಡಿಯಲು ಹೋದೆ. ಬಿಡಿಸಿಕೊಂಡರು. “ಅಕ್ಕನ ಮನೆಗೆ ಇನ್ನೂರ ಹದಿನಾರು ಮೆಟ್ಟಿಲು. ಇವತ್ತು ನಾನೊಬ್ಬಳೇ ಹತ್ತುತ್ತೇನೆ. ನೀನು ಕೆಳಗೆ ಕೂತು ಎಣಿಸು.”

ಎಣಿಸಿದೆ. ಹದಿನೆಂಟರ ಗ್ಯಾಲರಿಯನ್ನು ಹನ್ನೆರಡು ಸಲ. ಕೊನೆಯ ಸಲ ಮೇಲೆ ಹೋದವರು ತಲೆ ಬಗ್ಗಿಸಿ ನಿಂತೇ ಇದ್ದರು, ಮೂರು ವಿಮಾನ ದಾಟಿದವು. ಇಳಿದು ಬಂದು ಬಿಸಿನೀರನ್ನು ಮುಚ್ಚಳಕ್ಕೆ ಬಗ್ಗಿಸಿ ನನ್ನ ಮುಂದೆ ಹಿಡಿದರು. ನಾನು ಬಾಯಿ ಸುಟ್ಟುಕೊಂಡು ಕುಡಿದೆ.

ಆಮೇಲೆ ಹನ್ನೊಂದು ದಿನ ಅವರು ವಾಕಿಂಗಿಗೆ ನನ್ನನ್ನು ಕರೆಯಲಿಲ್ಲ. ಹನ್ನೆರಡನೆಯ ದಿನ ಚಪ್ಪಾಳೆ ಕೇಳಿಸಿತು. ಅಜ್ಜಿ ಆ ಮಾತನ್ನು ಮತ್ತೆ ಎತ್ತಲಿಲ್ಲ, ಮಗಳಿಗೂ ಹೇಳಲಿಲ್ಲ. ಕಾರ್ಡು ಬಂದಾಗ, “ಇನ್ನು ಯಾರನ್ನು ನೋಡಲು ಹೋಗಲಿ?” ಎಂದು ಫೋನಿಗೆ ಹೇಳಿ ಅದನ್ನು ಡ್ರಾಯರಿನಲ್ಲಿ ಹಾಕಿದರು. ಸೂಟ್‌ಕೇಸನ್ನು ಬಿಚ್ಚಿದ್ದೂ ಆವತ್ತೇ.

ಹೋದ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡರು, ಪಾರ್ಶ್ವವಾಯು. ಅಂತ್ಯಕ್ರಿಯೆ ನಡೆಸುವವರ ಆಫೀಸಿನಲ್ಲಿ ಮಗಳು ಮರಣ ಪತ್ರದ ಅರ್ಜಿಯನ್ನು ನನ್ನ ಕಡೆ ಸರಿಸಿ, “ನೀವೇ ತುಂಬಿ, ನನಗೆ ಕೈ ಓಡುತ್ತಿಲ್ಲ” ಎಂದಳು. ತುಂಬಿ ಕೊಟ್ಟೆ. ಕೌಂಟರಿನ ಹೆಂಗಸು ಓದಿ, ಮೃದುವಾಗಿ, “ಮೇಡಂ, ಊರಿನ ಹೆಸರನ್ನೇ ಪ್ರಾಂತ್ಯದ ಖಾನೆಯಲ್ಲೂ ಬರೆದಿದ್ದೀರಿ. ತಿದ್ದಲೇ?” ಎಂದಳು.

“ಬೇಡ. ಅದು ಸರಿ ಇದೆ” ಎಂದೆ.

ಮಗಳು ತಲೆಯೆತ್ತಿ ನನ್ನನ್ನು ನೋಡಿದಳು. ತಾಯಿಯ ಕಣ್ಣೇ ಅವಳಿಗೆ. ಅಲ್ಲೇ ನಿಂತು ಅವಳಿಗೂ ಹೇಳಿದೆ, ಆ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಸಿಚುವಾನ್ ಎಂದು ಬರೆದವಳು ನಾನು ಎಂದು. ಅವಳು ಬಹಳ ಹೊತ್ತು ಆ ಎರಡು ಖಾನೆಗಳನ್ನೇ ನೋಡುತ್ತಿದ್ದಳು. ಆಮೇಲೆ ಪೆನ್ನಿಗಾಗಿ ಕೈ ಚಾಚಿದಳು. ಕೊಟ್ಟೆ. ಕೆಳಗೆ ಸಹಿ ಹಾಕಿದಳು.